ಗದ್ದದ ಮೇಲಿನ ಕೂದಲು

ಕುಶಾಲನಗರದ ಬಸ್‌ಸ್ಟ್ಯಾಂಡ್ ಹಿಂದೆ ಉಷಾರಾಣಿಯ ಬ್ಯೂಟಿ ಪಾರ್ಲರ್. ಡಿಗ್ರಿ ಓದುತ್ತಿದ್ದ ಅಣ್ಣನ ಮಗಳು ರಂಜಿತಾ ಮೊದಲು ಹುಬ್ಬಿಗಷ್ಟೇ ಥ್ರೆಡಿಂಗ್ ಮಾಡಿಸಿಕೊಳ್ಳುತ್ತಿದ್ದಳು. ಈಚೆಗೆ ವಾರವಾರವೂ ಬಂದು ಗದ್ದ ಮುಂದೊಡ್ಡತೊಡಗಿದ್ದಳು.

ಒಂದು ದಿನ ಉಷಾರಾಣಿ ನೂಲು ಕೆಳಗಿಟ್ಟಳು.

"ಗದ್ದ ಆಮೇಲೆ ನೋಡಣ. ಮುಟ್ಟು ತಿಂಗ್ಳು ತಿಂಗ್ಳು ಸರಿಯಾಗಿ ಆಗ್ತದಾ?"

ರಂಜಿತಾ ನಕ್ಕಳು. "ಇಲ್ಲ ಅತ್ತೆ. ಶುಂಠಿ ಕೀಳೋವಾಗ ಆಗಿದ್ದು, ಮೂರ್ ತಿಂಗ್ಳಾಯ್ತು, ಆಮೇಲೆ ಇಲ್ಲ. ಹೊಟ್ಟೆನೋವಿನ ಕಾಟ ಇಲ್ಲ, ಪುಣ್ಯವಂತೆ ನೀನು ಅಂತಾರೆ ಅಮ್ಮ."

ಉಷಾರಾಣಿಗೆ ನಗು ಬರಲಿಲ್ಲ. ಎಷ್ಟು ತಿಕ್ಕಿದರೂ ಹೋಗದ ಕತ್ತಿನ ಕಪ್ಪು, ಆರದ ಮೊಡವೆ, ಬಿಗಿಯಾಗುತ್ತಿರುವ ಚೂಡಿದಾರ್. ಆ ವಯಸ್ಸಿನಲ್ಲಿ ತನಗೂ ಹೀಗೇ ಆಗಿತ್ತು, ಯಾರೂ ಗಮನಿಸಿರಲಿಲ್ಲ. ಮದುವೆಯಾಗಿ ಮಕ್ಕಳಾಗದೆ, ಹರಕೆಗಳೆಲ್ಲ ಮುಗಿದ ಮೇಲೆ ಡಾಕ್ಟರೊಬ್ಬರು ಅದು ಪಿಸಿಓಎಸ್, ಹಾರ್ಮೋನ್ ಏರುಪೇರಿನ ತೊಂದರೆ ಎಂದಿದ್ದರು.

ಸಂಜೆಯೇ ಅಣ್ಣನ ಮನೆಗೆ ಹೋದಳು. ಅತ್ತಿಗೆ ವಿಶಾಲಾಕ್ಷಮ್ಮ ಸಿಡಿದಳು.

"ಮದ್ವೆ ಆಗ್ದಿರೋ ಹುಡ್ಗೀನ ಹೆರಿಗೆ ಡಾಕ್ಟ್ರ ಹತ್ರ ಕರ್ಕೊಂಡ್ಹೋದ್ರೆ ಜನ ಏನಂದಾರು?"

"ನಂಗೆ ಏನೇನಂದ್ರು ಅಂತ ಮರ್ತೋಯ್ತಾ ಅತ್ಗೆ?"

ವಿಶಾಲಾಕ್ಷಮ್ಮ ತಲೆ ತಗ್ಗಿಸಿದಳು. ಅಂದವರಲ್ಲಿ ಅವಳೂ ಒಬ್ಬಳು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸೀರೆಯುಟ್ಟು ಹೊರಟು ನಿಂತಳು.

ಡಾಕ್ಟರಮ್ಮ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಿದರು. ಥೈರಾಯ್ಡ್ ತೊಂದರೆಯಿರಲಿಲ್ಲ, ಪಿಸಿಓಎಸ್ಸೇ.

"ಬೇಗ ಬಂದಿದ್ದು ಒಳ್ಳೇದಾಯ್ತು. ಇದನ್ನ ಹತೋಟಿಲಿ ಇಟ್ಕೋಬಹುದು. ದಿನಾ ನಡೀಬೇಕು, ಊಟ ನೋಡ್ಕೋಬೇಕು, ಮಾತ್ರೆ ತಪ್ಪಿಸ್ಬಾರದು."

"ಮುಂದೆ ಮಕ್ಳು?" ವಿಶಾಲಾಕ್ಷಮ್ಮ ಕೇಳಿದಳು.

"ಎಷ್ಟೋ ಜನಕ್ಕೆ ಆಗ್ತವೆ ಅಮ್ಮ. ಈಗ ಮಗಳ ಆರೋಗ್ಯ ನೋಡಿ."

ಅಂದಿನಿಂದ ತಾಯಿ ಮಗಳಿಬ್ಬರೂ ಹಾರಂಗಿ ಕಾಲುವೆಯ ಏರಿಯ ಮೇಲೆ ನಡೆಯತೊಡಗಿದರು. ಮನೆಯಲ್ಲಿ ಅನ್ನ ಕಡಿಮೆಯಾಗಿ ಸೊಪ್ಪು, ಕಾಳು ಹೆಚ್ಚಾಯಿತು. ರಂಜಿತಾ ಕೆಲವೊಮ್ಮೆ ಬೇಕರಿ ಮುಂದೆ ಅಮ್ಮನ ಜೊತೆ ಜಗಳವಾಡಿದಳು, ಕನ್ನಡಿ ನೋಡಿ ಅತ್ತಳು. ಗದ್ದದ ಕೂದಲು ಪೂರ್ತಿ ಹೋಗಲಿಲ್ಲ. ಆದರೆ ತೂಕ ನಿಧಾನವಾಗಿ ಇಳಿಯಿತು. ಮೆಟ್ಟಿಲು ಹತ್ತುವಾಗಿನ ಸುಸ್ತೂ ಕಡಿಮೆಯಾಯಿತು.

ಭತ್ತದ ನಾಟಿಯ ಕಾಲಕ್ಕೆ ಒಂದು ಬೆಳಿಗ್ಗೆ ಉಷಾರಾಣಿಗೆ ಫೋನ್ ಬಂತು.

"ಅತ್ತೆ, ಈ ತಿಂಗ್ಳೂ ಸರಿಯಾಗಿ ಆಯ್ತು!"

ಉಷಾರಾಣಿಯ ಕಣ್ಣು ತುಂಬಿತು. "ಅಮ್ಮಂಗೆ ಹೇಳಿದ್ಯಾ?"

"ಹೇಳ್ದೆ. ಅಮ್ಮ ಈಗ ಮನೇಲಿಲ್ಲ. ನನ್ ಫ್ರೆಂಡ್ ತುಳಸಿಗೂ ಸರಿಯಾಗಿ ಆಗ್ತಿಲ್ವಂತೆ, ಅವಳಮ್ಮ ಡಾಕ್ಟ್ರು ಬೇಡ ಅಂತಿದ್ದಾರೆ. ಅವ್ರನ್ನ ಒಪ್ಸೋಕೆ ನಮ್ಮಮ್ಮಾನೇ ಹೋಗಿದ್ದಾರೆ."