ಚೌಡಕ್ಕನ ರುಬ್ಬುಗುಂಡು

ಜಗಳೂರಿನಲ್ಲಿ ಬೈಲಪ್ಪನವರ ಕಲ್ಯಾಣ ಮಂಟಪಕ್ಕೆ ಒಂದು ಗಾಲ್ಫ್ ಗಾಡಿ ಇತ್ತು. ಗಾಲ್ಫ್ ಎಂದರೆ ಏನೆಂದು ಮಂಟಪದಲ್ಲಿ ಯಾರಿಗೂ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಅಗತ್ಯವೂ ಬಿದ್ದಿರಲಿಲ್ಲ. ಯಾವುದೋ ರೆಸಾರ್ಟ್ ಮುಚ್ಚಿದಾಗ ಹರಾಜಿನಲ್ಲಿ ಹಿಡಿದದ್ದು. ಮಂಟಪ ಮೊದಲು ಕಡಲೆಕಾಯಿ ಎಣ್ಣೆಯ ಮಿಲ್ಲಾಗಿದ್ದರಿಂದ ಗೇಟಿನಿಂದ ಬಾಗಿಲಿಗೆ ಲಾರಿ ಓಡಾಡುವಂಥ ಉದ್ದನೆಯ ದಾರಿ. ಮದುಮಗನನ್ನು ಗೇಟಿನಲ್ಲಿ ಹತ್ತಿಸಿಕೊಂಡು, ವಾದ್ಯದ ಜೊತೆ ಮೆಲ್ಲಗೆ ಬಾಗಿಲಿಗೆ ತರುವುದು ಗಾಡಿಯ ಕೆಲಸ. ಅದರ ಹಿಂದಿನ ಸೀಟು ಹಿಂದಕ್ಕೇ ಮುಖ ಮಾಡಿತ್ತು. ಅಲ್ಲಿ ಕೂತರೆ ಹಿಂದೆ ಬರುವ ವಾದ್ಯದವರಿಗೂ ವಿಡಿಯೊದವನಿಗೂ ಮದುಮಗ ಚೆನ್ನಾಗಿ ಕಾಣುತ್ತಾನೆಂದು ಹೂವೆಲ್ಲ ಆ ಸೀಟಿಗೇ.

ಓಡಿಸುವವಳು ಚೌಡಕ್ಕ. ಅವಳಿಗಿಂತ ಮೊದಲು ಮೂವರು ಗಂಡಸರು ಬಂದು, ಗೇರಿಲ್ಲದ ಗಾಡಿ ಓಡಿಸಿದರೆ ಮರ್ಯಾದೆ ಉಳಿಯುವುದಿಲ್ಲವೆಂದು ಬಿಟ್ಟುಹೋಗಿದ್ದರು. ಅಂಗಳ ಗುಡಿಸುತ್ತಿದ್ದ ಚೌಡಕ್ಕ ಒಂದು ದಿನ ಪೊರಕೆಯನ್ನು ಕಂಕುಳಲ್ಲಿಟ್ಟುಕೊಂಡೇ ಹತ್ತಿ ಕೂತು, ಗಾಡಿಯನ್ನು ಶೆಡ್ಡಿಗೆ ಹಿಂದಕ್ಕೆ ಬಿಟ್ಟು ನಿಲ್ಲಿಸಿದಳು. ಅಂದಿನಿಂದ ಪೊರಕೆ ಬೇರೆಯವರ ಪಾಲಾಯಿತು. ಐವತ್ತೆರಡನೆಯ ವಯಸ್ಸಿನಲ್ಲಿ ಅವಳು ಡ್ರೈವರಮ್ಮ ಆದಳು. ಆ ಹೆಸರು ಅವಳಿಗೆ ಬಂಗಾರದ ಸರಕ್ಕಿಂತ ಹೆಚ್ಚು ಒಪ್ಪುತ್ತಿತ್ತು.

ಸೀಟಿನಡಿಯಲ್ಲಿ ಆರು ಆಸಿಡ್ ಬ್ಯಾಟರಿ. ಒಂದೊಂದೂ ಕೊಬ್ಬಿದ ಟಗರಿನಷ್ಟು ಭಾರ. ವಾರಕ್ಕೊಮ್ಮೆ ಮುಚ್ಚಳ ಬಿಚ್ಚಿ ಅವಕ್ಕೆ ಡಿಸ್ಟಿಲ್ಡ್ ವಾಟರ್ ಕುಡಿಸಬೇಕು. ಕುಡಿಸಿದರೂ ಅವಕ್ಕೆ ವಯಸ್ಸಾಗಿತ್ತು. ಪೆಡಲನ್ನು ತಳ ಮುಟ್ಟುವಷ್ಟು ತುಳಿದರೂ ಗಾಡಿ ವಾದ್ಯದವರ ನಡಿಗೆಯನ್ನು ಮೀರುತ್ತಿರಲಿಲ್ಲ. ತುಳಿದು ತುಳಿದು ಕಾಲು ಮರಗಟ್ಟಿದಾಗ ಚೌಡಕ್ಕ ಅಡುಗೆಮನೆಯಿಂದ ಚಟ್ನಿ ಅರೆಯುವ ರುಬ್ಬುಗುಂಡು ತಂದು ಪೆಡಲ್ ಮೇಲೆ ಕೂರಿಸಿದಳು. ಆಮೇಲೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಮಠದ ಸ್ವಾಮಿಗಳ ಗಾಂಭೀರ್ಯದಲ್ಲಿ ಸ್ಟೀರಿಂಗ್ ತಿರುಗಿಸುವುದು. ಎಂಟು ತಿಂಗಳು ಹಾಗೇ ನಡೆಯಿತು.

ಕೊನೆಗೊಂದು ಮದುವೆಯಲ್ಲಿ ಗಾಡಿ ದಾರಿಯ ನಡುವೆ ನಿಂತುಬಿಟ್ಟಿತು. ಮದುಮಗನೇ ಇಳಿದು, ಬಾಸಿಂಗ ಓರೆಯಾಗುವಂತೆ ತಳ್ಳಿದ. ಬೈಲಪ್ಪ ಚೌಡಕ್ಕನನ್ನು ಕರೆದರು.

"ನೋಡು ಚೌಡಕ್ಕ, ಚನ್ನಗಿರಿ ತಿಪ್ಪೇಶನ್ನ ಕರೆಸಿ ಲಿಥಿಯಂ ಬ್ಯಾಟ್ರಿ ಹಾಕಿಸ್ತೀನಿ. ಮುಂದಿನ ಮದ್ವೇಲಿ ಏನಾರ ಎಡವಟ್ಟಾತು, ಗಾಡೀನ ಗುಜರಿಗೆ ಹಾಕಿ ನಿನ್ ಕೈಗೆ ಮತ್ತೆ ಪೊರಕೆ ಕೊಡ್ತೀನಿ."

"ಎಡವಟ್ಟು ಮಾಡಿದ್ದು ಬ್ಯಾಟ್ರಿ, ಯಜಮಾನ್ರೆ. ಪೊರಕೆ ಅದರ ಕೈಗೆ ಕೊಡ್ರಿ."

"ಅದಕ್ಕೆ ಕೈ ಇಲ್ವಲ್ಲ!"

ಮುಂದಿನ ಮದುವೆಯ ದಿನ ಬೆಳಿಗ್ಗೆಯೇ ತಿಪ್ಪೇಶ ಕೆಲಸ ಮುಗಿಸಿದ. ಟಗರಿನಂಥ ಆರನ್ನು ಇಬ್ಬರು ಏದುಸಿರು ಬಿಡುತ್ತ ಇಳಿಸಿದರು. ಅವುಗಳ ಜಾಗಕ್ಕೆ ಟ್ರಂಕಿನಂಥ ಒಂದೇ ಡಬ್ಬಿಯನ್ನು ತಿಪ್ಪೇಶ ಒಬ್ಬನೇ ಎತ್ತಿಟ್ಟ. ಚಾರ್ಜರನ್ನೂ ಬದಲಿಸಿದ. ಚೌಡಕ್ಕ ನೀರಿನ ಕ್ಯಾನ್ ಹಿಡಿದು ನಿಂತಿದ್ದಳು.

"ಇದಕ್ಕೆ ನೀರು ಬ್ಯಾಡಕ್ಕ."

"ಜಗಳೂರು ಬಿಸಿಲಾಗೆ ನೀರು ಕುಡೀದಂಗೆ ಹೆಂಗಪ್ಪ ಇರ್ತೈತೆ ಅದು?"

"ಇರ್ತೈತೆ. ಆದ್ರೆ ಪೆಡ್ಲು ಮಾತ್ರ ಹಗೂರಕ್ಕೆ ಒತ್ತಬೇಕು. ಗಾಡಿ ಬಿಟ್ಟ ಬಾಣ ಆಗೈತೆ ಈಗ. ರಿವರ್ಸಿಗೆ ನಾನು ಕೈ ಹಚ್ಚಿಲ್ಲ, ಅದು ಮೊದ್ಲಿನಂಗೇ ನಿಧಾನ."

ಬ್ಯಾಟರಿ ಮಾರುವವರೆಲ್ಲ ಹೀಗೇ ಹೇಳುತ್ತಾರೆಂದು ಚೌಡಕ್ಕನಿಗೆ ಗೊತ್ತಿತ್ತು. ಅವಳು ಡಬ್ಬಿಗೆ ಕುಂಕುಮ ಹಚ್ಚಿ, ಒಂದು ನಿಂಬೆಹಣ್ಣಿಟ್ಟು, ಸೀರೆ ಬದಲಿಸಲು ಹೋದಳು.

ಗಂಡಿನವರು ಹೊನ್ನಾಳಿಯಿಂದ ಬಸ್ಸಿನಲ್ಲಿ ಬಂದಿಳಿದರು. ಹೂವಿನ ಸೀಟಿನಲ್ಲಿ ಮದುಮಗ ಆಂಜನೇಯ ಕೂತ. ನಡೆಯಲಾಗದ ಅವನ ಅಜ್ಜಿ ಅಂತರಘಟ್ಟಮ್ಮನನ್ನೂ ಪಕ್ಕದಲ್ಲಿ ಕೂರಿಸಿದರು. ಹಿಂದೆ ನ್ಯಾಮತಿಯ ವಾದ್ಯದವರು. ಅರ್ಧ ದಾರಿಯ ಬೇವಿನ ಮರದಡಿ ಹೆಣ್ಣಿನ ಅಪ್ಪ ಓಬಳಪ್ಪ ನೀರಿನ ಚೊಂಬು ಹಿಡಿದು, ಹೆಂಗಸರು ಆರತಿ ತಟ್ಟೆ ಹಿಡಿದು ಕಾದಿದ್ದರು. ಅಲ್ಲಿ ಗಾಡಿ ನಿಲ್ಲಬೇಕು, ಮದುಮಗನ ಕಾಲು ತೊಳೆದು ಆರತಿ ಎತ್ತಬೇಕು, ಆಮೇಲೇ ಬಾಗಿಲು.

ಶಹನಾಯಿ ಎತ್ತಿಕೊಂಡಿತು. ಚೌಡಕ್ಕ ಕೀ ತಿರುಗಿಸಿ, ದೇವರನ್ನು ನೆನೆದು, ರುಬ್ಬುಗುಂಡನ್ನು ಪೆಡಲ್ ಮೇಲೆ ಕೂರಿಸಿ, ಕಾಲು ಮಡಿಸಿದಳು.

ಗಾಡಿ ಹಗ್ಗ ಹರಿದ ಹೋರಿಯಂತೆ ಹಾರಿತು.

ಬ್ರೇಕ್ ಒತ್ತಲು ಕಾಲು ಬಿಡಿಸಬೇಕು. ಬಿಡಿಸುವಷ್ಟರಲ್ಲಿ ಗುಂಡು ಜರುಗಿ ಪೆಡಲಿಗೂ ಬ್ರೇಕಿಗೂ ನಡುವೆ ಬೆಣೆಯಾಗಿ ಕೂತಿತು. ಶಹನಾಯಿಯವನು ಊದುತ್ತಲೇ ಓಡಿದ. ಡೋಲಿನವನ ಡೋಲು ಹೊಟ್ಟೆಯಿಂದ ಬೆನ್ನಿಗೆ ತಿರುಗಿತು. ಬೇವಿನ ಮರ ಬಂತು, ಹೋಯಿತು. ಆರತಿಯ ದೀಪ ಗಾಳಿಗೆ ಆರಿತು. ಹಿಂದಕ್ಕೆ ಮುಖ ಮಾಡಿದ್ದ ಆಂಜನೇಯನಿಗೆ ಮಾವ ಕಂಡದ್ದು ದಾಟಿಹೋದ ಮೇಲೆ. ಸಂಸ್ಕಾರವಂತ ಹುಡುಗ, ದೂರವಾಗುತ್ತಲೇ ಕೈ ಮುಗಿದ.

"ಇನ್ನಾ ಜೋರಾಗಿ ಬಿಡವ್ವಾ!" ಎಂದಳು ಅಂತರಘಟ್ಟಮ್ಮ.

ಚೌಡಕ್ಕನಿಗೆ ಕೀ ನೆನಪಾದದ್ದು ಮಂಟಪದ ಮೆಟ್ಟಿಲು ಮೂರು ಮಾರು ಇರುವಾಗ. ತಿರುಗಿಸಿದಳು, ಗಾಡಿ ಮೆಟ್ಟಿಲಿಗೆ ಮೂತಿ ತಾಗಿಸಿ ನಿಂತಿತು.

ಆಮೇಲೆ ಎಲ್ಲರೂ ಓಡಿ ಬಂದರು. ಮೊದಲು ಬಂದವರು ಬೈಲಪ್ಪ, ಕೀಗಾಗಿ ಕೈ ಚಾಚಿಕೊಂಡೇ. ಅವರ ಹಿಂದೆ ಮದುಮಗನ ಸೋದರಮಾವ ರಂಗನಾಥ್.

"ಕಾಲು ತೊಳೀಲಿಲ್ಲ, ಆರತಿ ಎತ್ತಲಿಲ್ಲ! ನಮ್ ಹುಡುಗ ಹಂಗೇ ಬಾಗಿಲಿಗೆ ಬಂದುಬಿಟ್ಟ! ಬೀಗರಿಗೆ ಇಷ್ಟೇ ಏನ್ರೀ ಮರ್ಯಾದೆ? ಹತ್ರಿ ಎಲ್ರೂ ಬಸ್ಸು!"

"ನಿಮ್ಮುಡುಗ ನಿಂತಿದ್ರೆ ತಾನೇ ತೊಳಿಯಾಕೆ? ಚೊಂಬು ಹಿಡ್ಕಂಡು ಓಡ್ಲೇನ್ರೀ ನಾನು?" ಎಂದ ಓಬಳಪ್ಪ. ಚೊಂಬಿನ ನೀರೆಲ್ಲ ಅವನ ಪಂಚೆಯ ಮೇಲಿತ್ತು.

ಚೌಡಕ್ಕನ ಕಣ್ಣ ಮುಂದೆ ಪೊರಕೆ ಕಡ್ಡಿಕಡ್ಡಿಯಾಗಿ ಬಂದು ನಿಂತಿತು.

"ಸುಮ್ನಿರೋ ರಂಗ," ಎಂದಳು ಅಂತರಘಟ್ಟಮ್ಮ ಗಾಡಿಯಿಂದಲೇ. "ಆರತಿ ಮುಖಕ್ಕೆ ಬೆಳಗ್ತಾರೋ, ಬೆನ್ನಿಗೋ?"

"ಮುಖಕ್ಕೆ, ಅವ್ವ."

"ಇವನ ಮುಖ ನೋಡು, ಇನ್ನಾ ಗೇಟ್ ಕಡೀಗೇ ಐತೆ. ಬಾಗ್ಲಿಗೆ ಬಂದಿರಾದು ಬೆನ್ನು. ಹುಡುಗ ಇನ್ನೂ ಬಂದಿಲ್ಲ."

ಎಲ್ಲರೂ ಆಂಜನೇಯನ ಮುಖ ನೋಡಿದರು. ಅದು ನಿಜಕ್ಕೂ ಗೇಟಿನ ಕಡೆಗಿತ್ತು. ಅವನು ಅಲುಗಾಡದೆ ಕೂತ, ತಪ್ಪಿ ತಿರುಗಿದರೆ ಬಂದುಬಿಟ್ಟಂತಾಗುತ್ತದೆಂದು.

"ಹಂಗಾದ್ರೆ ಮೊದ್ಲು ಗೇಟಿಗೆ ಒಯ್ದು, ವಾಪಸ್ ತರಾಕೆ ಮತ್ತೆ ಇದೇ ಗಾಡಿ ಬೇಕೇನು?" ಬೈಲಪ್ಪ ಕೇಳಿದರು. "ಕೀ ಕೊಡು ಚೌಡಕ್ಕ."

ಚಾಚಿದ ಆ ಕೈಯಲ್ಲಿ ಚೌಡಕ್ಕ ರುಬ್ಬುಗುಂಡನ್ನಿಟ್ಟಳು. ಬೈಲಪ್ಪನ ಕೈ ಮೊಣಕಾಲಿನ ತನಕ ಇಳಿಯಿತು.

"ಯಜಮಾನ್ರೆ, ರಿವರ್ಸಿನಾಗೆ ತರ್ತೀನಿ. ಅದು ಎಮ್ಮೆ ನಡಿಗೆ, ಓಡೋದಿಲ್ಲ. ಹಿಂದಕ್ಕೆ ಬಿಟ್ರೆ ಹುಡುಗನ ಮುಖಾನೂ ಮುಂದಾಗ್ತೈತೆ."

ಬೈಲಪ್ಪ ಗುಂಡಿಗೆ ಇನ್ನೊಂದು ಕೈಯನ್ನೂ ಕೊಟ್ಟು ಮೇಲೆತ್ತಲು ನೋಡಿದರು. ಅಷ್ಟರಲ್ಲಿ ಚೌಡಕ್ಕ ಗಾಡಿ ತಿರುಗಿಸಿ, ಈ ಸಲ ಬರಿಗಾಲಿನ ಹೆಬ್ಬೆರಳಿನಲ್ಲಿ ಪೆಡಲ್ ಸವರಿ, ಮೆಲ್ಲಗೆ ಗೇಟು ಮುಟ್ಟಿದಳು.

ಗೇಟಿನಲ್ಲಿ ರಿವರ್ಸ್ ಬಟನ್ ಒತ್ತಿದಳು. ಗಾಡಿ ಪೀಂ, ಪೀಂ, ಪೀಂ ಎನ್ನುತ್ತ ಹಿಂದಕ್ಕೆ ಹೊರಟಿತು. ಚೌಡಕ್ಕ ಕತ್ತು ಹೊರಳಿಸಿ, ಶೆಡ್ಡಿಗೆ ದಿನಾ ಬಿಡುವಷ್ಟೇ ನೇರವಾಗಿ ಬಿಟ್ಟಳು. ಡೋಲಿನವನು ಎರಡು ಪೀಂ ಕೇಳಿಸಿಕೊಂಡು, ಮೂರನೆಯದಕ್ಕೆ ಪೆಟ್ಟು ಹಾಕಿದ. ಶಹನಾಯಿಯವನಿಗೆ ಉಸಿರು ಮರಳಿತು. ಬೇವಿನ ಮರದಡಿ ಗಾಡಿ ನಿಂತಿತು. ಓಬಳಪ್ಪ ಹೊಸ ಚೊಂಬಿನಿಂದ ಅಳಿಯನ ಕಾಲು ತೊಳೆದ. ಆರತಿ ಮುಖಕ್ಕೇ ಬೆಳಗಿತು. ಎದುರಿಗೆ ಮಂಟಪ, ಬಾಗಿಲಲ್ಲಿ ಹುಡುಗಿ. ಈ ದಾರಿಯಲ್ಲಿ ಬಂದ ಮದುಮಗಂದಿರಲ್ಲಿ ತಾನು ಹೋಗುತ್ತಿರುವುದು ಎಲ್ಲಿಗೆಂದು ನೋಡುತ್ತ ಬಂದವನು ಇವನೇ ಮೊದಲು.

ರಂಗನಾಥ್ ಬೈಲಪ್ಪನ ಪಕ್ಕಕ್ಕೆ ಬಂದು ನಿಂತ. "ವೈಶಾಖದಾಗೆ ನನ್ ಮಗಳ ಮದ್ವೆ ಐತ್ರಿ. ಮಂಟಪ ಖಾಲಿ ಇದ್ರೆ... ಗಂಡನ್ನ ಹಿಂಗೇ ಪೀಂ ಪೀಂ ಅಂತ ತರಬೇಕು ನೋಡ್ರಿ. ಇದೇ ಅಮ್ಮನೇ ಇರ್ತಾರಲ್ಲ?"

"ಇರ್ತಾಳೆ, ಎಲ್ಲಿಗೆ ಹೋಗ್ತಾಳೆ," ಎಂದರು ಬೈಲಪ್ಪ. ಆಗಲೇ ಅವರಿಗೆ ಕೈಯಲ್ಲಿ ಇನ್ನೂ ಗುಂಡಿರುವುದು ನೆನಪಾದದ್ದು. ಅಡುಗೆಮನೆಯ ಕಡೆ ನಡೆದರು. ಎಂಟು ತಿಂಗಳಿಂದ ಆ ಗುಂಡು ಹುಡುಕುತ್ತಿದ್ದ ಅಡುಗೆಯ ನಾಗರತ್ನ ಬಾಗಿಲಲ್ಲೇ ನಿಂತಿದ್ದಳು.

"ಓಹೋ, ಕದ್ದಿದ್ದು ನೀವೇನ್ರೀ ಯಜಮಾನ್ರೆ?"

ಮಂಟಪದ ಬಾಗಿಲಲ್ಲಿ ಮದುಮಗ ಗಾಡಿಯಿಂದ ಇಳಿದಿದ್ದ. ಅಂತರಘಟ್ಟಮ್ಮ ಇಳಿದಿರಲಿಲ್ಲ.

"ಇಳೀರಿ ಅಜ್ಜಿ, ಧಾರೆಗೆ ಹೊತ್ತಾತು."

"ಧಾರೆ ನಾನೇನು ಎರೀಬೇಕಾ? ಆ ಮೊದಲ್ನೇ ಸಲ ಬಂದ್ಯಲ್ಲ, ಹಂಗೊಂದು ಸುತ್ತು ಹೊಡಿಯವ್ವ."

ಚೌಡಕ್ಕ ಅತ್ತಿತ್ತ ನೋಡಿದಳು. ಬೈಲಪ್ಪ ಇನ್ನೂ ನಾಗರತ್ನಳಿಗೆ ಸಮಜಾಯಿಷಿ ಕೊಡುತ್ತಿದ್ದರು. ಚೌಡಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲನ್ನು ಪೆಡಲ್ ಮೇಲಿಟ್ಟಳು.

"ಗಟ್ಟಿಯಾಗಿ ಹಿಡ್ಕಳ್ರಿ, ಅಜ್ಜಿ."