ತೇಲ್ ಹೈ

ದೀಪ ಹಚ್ಚುವ ಹೊತ್ತಿನಲ್ಲಿ ಅಂಗಡಿಯಲ್ಲಿ ಎಣ್ಣೆ ‘ಇಲ್ಲ’ ಅನ್ನಬಾರದು. ಡಬ್ಬ ಬೋರಲು ಬಿದ್ದಿದ್ದರೂ ‘ಐತಿ, ನಾಳೆ ಬರ್ರಿ’ ಅನ್ನಬೇಕು. ಆದೋನಿಯ ನಮ್ಮ ಗಾಣದ ಮನೆಯ ಪದ್ಧತಿ ಇದು. ಹಾಗಾಗಿ ಮೊನ್ನೆ ಮುಸ್ಸಂಜೆ ಹೊರಗಿನಿಂದ ಯಾರೋ ‘ತೇಲ್ ಹೈ’ ಎಂದಾಗ, ಉರ್ದು ಮಾತಾಡುವ ಗಿರಾಕಿ ಎಣ್ಣೆ ಕೇಳುತ್ತಿದ್ದಾನೆಂದು ನಾನೂ ‘ತೇಲ್ ಹೈ’ ಎಂದೆ. ಹಣಕಿದರೆ ಓಣಿ ಖಾಲಿ. ಆದರೆ ಹತ್ತಾರು ಬೂಟುಗಳು ಒಟ್ಟಿಗೆ ನೆಲಕ್ಕೆ ಬಡಿದ ಸದ್ದು ಕೇಳಿತು.

ನಾನು ಸುಲಭಕ್ಕೆ ಹೆದರುವವಳಲ್ಲ. ಮಗ ವಾಗೀಶ ಹೋದ ವರ್ಷ ನಾಗಲದಿನ್ನೆಯ ಹತ್ತಿರ ಹೊಳೆಯಲ್ಲಿ ಮುಳುಗಿದ. ‘ಯವ್ವಾ’ ಎಂದು ಕೂಗಿದ್ದು ಆಚೆ ದಂಡೆಯ ದನಗಾಹಿಗೆ ಕೇಳಿಸಿತಂತೆ. ಹತ್ತಿರದಲ್ಲಿ ಓ ಅನ್ನಲು ಒಂದು ನರಪಿಳ್ಳೆಯೂ ಇರಲಿಲ್ಲ. ಅಂದಿನಿಂದ ಯಾವ ಧ್ವನಿ ಬಂದರೂ ಅವನದೇನೋ ಎಂದು ಕಿವಿಗೊಡುತ್ತೇನೆ. ಇದು ಅವನದಲ್ಲ.

ಮಗಳು ಚೇತನಾ ಇತಿಹಾಸದ ವಿದ್ಯಾರ್ಥಿನಿ. ಸೆಮಿನಾರಿಗೆಂದು ಒಂದು ವಾರದಿಂದ ಅಂಗಡಿಯಲ್ಲೇ ಕೂತು, ಯಹೂದಿ ಹುಡುಗರ ಸಂಘವೊಂದರ ಕತೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ನನ್ನ ಮಾತು ಕೇಳಿ ಅವಳ ಮುಖ ಬಿಳಿಚಿತು.

“ಯವ್ವಾ, ಅದು ಎಣ್ಣಿ ಕೇಳಿದ್ದಲ್ಲ. ನಾ ಓದಾಕತ್ತೀನಲ್ಲ, ಆ ಬೇತಾರ್ ಸಂಘದವರ ನಮಸ್ಕಾರ. ತೇಲ್ ಹೈ ಅಂದ್ರ ಯಹೂದಿಗಳ ಒಂದು ಊರು. ಅದನ್ನ ಕಾಯಾಕ ಹೋಗಿ ಸತ್ತವರ ನೆನಪಿಗೆ ಹಂಗ ಅಂತಾರ. ಒಬ್ಬರು ಅಂದ್ರ ಎದುರಿನವರೂ ಅದನ್ನ ಅನಬೇಕು.”

“ಯಾವ ಕಡೆಯವರವ್ವ ಇವರು?”

“ನೂರು ವರ್ಷದ ಹಿಂದ ರೀಗಾ ಅನ್ನೋ ಪಟ್ಟಣದಾಗ ಹುಟ್ಟಿದ ಸಂಘ. ಪೋಲೆಂಡಿನಾಗ ಸಾವಿರಾರು ಹುಡುಗ್ರು ಕಂದು ಅಂಗಿ ಹಾಕ್ಕೊಂಡು ಕವಾಯತು ಮಾಡ್ತಿದ್ರು, ನಮಗೂ ಒಂದು ದೇಶ ಬೇಕಂತ. ಬಾಳ ಬಿರುಸು ಮಂದಿ. ಯುದ್ಧದಾಗ ನಾಜಿಗಳು ಎಷ್ಟೋ ಮಂದೀನ ಕೊಂದ್ರು. ಸಂಘ ಇನ್ನೂ ಐತಿ. ಆದ್ರ ಆ ಹುಡುಗ್ರಿಗೆ ಓ ಅನ್ನೋ ಅವ್ವ-ಅಪ್ಪಗೋಳೂ ಉಳೀಲಿಲ್ಲ.”

“ನಾಳಿ ಕೂಗಿದ್ರ ‘ನಹೀ’ ಅಂತೀನಿ. ಪೀಡಾ ತೊಲಗಲಿ!” ಎಂದು ಗದರಿದೆ.

ಮರುದಿನ ಮುಸ್ಸಂಜೆ ಕೂಗು ಹೊಸ್ತಿಲ ಹತ್ತಿರವೇ ಬಂತು. ಎಳೆಯ ಗಂಟಲು. ಬಾಯಿಗೆ ಬಂದ ‘ನಹೀ’ ಅಲ್ಲೇ ಸಿಕ್ಕಿಕೊಂಡಿತು. ಇವನನ್ನು ಹೆತ್ತವಳು ಎಷ್ಟು ಸಂಜೆ ಹೀಗೇ ಕಿವಿಗೊಟ್ಟು ಕೂತಿದ್ದಳೋ!

“ತೇಲ್ ಹೈ, ನನ್ನಪ್ಪಾ” ಎಂದೆ.

ಬೂಟುಗಳು ಬಡಿದವು. ಸಾಲು ತಿರುಗಿ ಓಣಿಯ ಕೆಳಗೆ ಹೊರಟಿತು. ಕಣ್ಣಿಗೆ ಯಾರೂ ಇಲ್ಲ. ಧೂಳು ಮಾತ್ರ ಏಳುತ್ತಿತ್ತು. ಚೇತನಾ ಸೆರಗು ಹಿಡಿದು ಜಗ್ಗಿದರೂ ಕೇಳದೆ ಬೀದಿಗೆ ಓಡಿದೆ.

“ಎಪ್ಪಾ, ತಡೀರಿ! ನಮ್ಮ ವಾಗೀಶ ಅಲ್ಲೆಲ್ಲೋ ಯವ್ವಾ ಅಂತ ಕೂಗ್ತಿರ್ತಾನ. ನಿಮಗ ಕೇಳಿಸಿದ್ರ ಒಮ್ಮೆ ಓ ಅನ್ರಪ್ಪಾ!”

ಹೆಜ್ಜೆಗಳೆಲ್ಲ ಒಮ್ಮೆಲೇ ನಿಂತವು.