ನಾಲ್ಕೂ ಆರೂ ಒಂದೇ ಉಕ್ಕು

ಗ್ಲಾಸ್ಗೋದಿಂದ ಬಂದ ಪೆಟ್ಟಿಗೆ ರಶ್ಮಿಯ ಕೈಗೆ ಸಿಕ್ಕಿದ್ದು ಸೋಮವಾರ. ಬಿಚ್ಚಿದರೆ ಒಳಗೆ ಬೆರಳುದ್ದದ ಆರು ಲೋಹದ ತುಂಡುಗಳು, ಒಂದೊಂದರ ಮೇಲೂ ಒಂದೊಂದು ಅಂಕಿ. ಜೊತೆಗಿದ್ದ ಹಾಳೆಯಲ್ಲಿ ಆರು ಹೆಸರು: ಮೆದು ಉಕ್ಕು, ಬೀಡು ಕಬ್ಬಿಣ, ಸ್ಟೇನ್‌ಲೆಸ್, ಸ್ಪ್ರಿಂಗ್ ಉಕ್ಕು, ಹೈಸ್ಪೀಡ್ ಉಕ್ಕು, ಬೇರಿಂಗ್ ಉಕ್ಕು. ಯಾವ ಅಂಕಿಗೆ ಯಾವ ಹೆಸರು ಎಂದು ಹೇಳಬೇಕು, ಅಷ್ಟೇ.

ರಶ್ಮಿ ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಲೋಹಶಾಸ್ತ್ರ ಕಲಿಸುತ್ತಿದ್ದಳು. ಎರಡು ವರ್ಷದ ಹಿಂದೆ ಅವಳ ಲೇಖನವೊಂದು ಗ್ಲಾಸ್ಗೋದ ಲೋಹವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆ ಪತ್ರಿಕೆಗೆ ಈ ವರ್ಷ ನೂರು ತುಂಬಿತ್ತು. ಎಲ್ಲೋ ಒಂದು ಕಡೆ ದೊಡ್ಡ ಸಮ್ಮೇಳನ ಮಾಡುವ ಬದಲು ಪ್ರಪಂಚದ ಎಪ್ಪತ್ತೆರಡು ಊರುಗಳಲ್ಲಿ ಒಂದೇ ದಿನ ಹಬ್ಬ ಮಾಡೋಣ ಎಂದು ಸಂಪಾದಕರು ನಿಶ್ಚಯಿಸಿದ್ದರು. ರಶ್ಮಿ ಸುಮ್ಮನೆ ಅರ್ಜಿ ಹಾಕಿದ್ದಳು. ಶಿವಮೊಗ್ಗ ನಲವತ್ತೊಂದನೆಯ ಊರಾಗಿ ಆಯ್ಕೆಯಾಯಿತು.

ಹಬ್ಬದ ಆಟಕ್ಕೆ ಒಂದು ಕಟ್ಟಳೆ ಇತ್ತು. ಪತ್ರಿಕೆಯ ಮೊದಲ ಸಂಚಿಕೆಯ ಮೊದಲ ಲೇಖನ ಬರೆದವನು ಕಾರ್ಖಾನೆಯ ಒಬ್ಬ ಫೋರ್‌ಮನ್. ಉಕ್ಕನ್ನು ಸಾಣೆಗೆ ಹಿಡಿದಾಗ ಹಾರುವ ಕಿಡಿ ನೋಡಿ ಅದರ ಜಾತಿ ಹೇಳುವುದು ಹೇಗೆ ಎಂಬುದೇ ಅವನ ಲೇಖನ. ಅವನ ನೆನಪಿಗೆ ಈ ಆಟದಲ್ಲೂ ಸಾಣೆ, ಅರ, ಕಣ್ಣು, ಕಿವಿ ಇಷ್ಟೇ ಬಳಸಬೇಕು, ಯಂತ್ರ ಮುಟ್ಟಬಾರದು.

ರಶ್ಮಿ ಮತ್ತು ವಿಭಾಗದ ಮುಖ್ಯಸ್ಥ ಶಶಿಧರ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಗ್ರೈಂಡರ್ ಮುಂದೆ ಎರಡು ಮಧ್ಯಾಹ್ನ ಕಳೆದರು. ಮೊದಲ ದಿನ ಒಂದು ಉತ್ತರ ಬಂತು, ಎರಡನೆಯ ದಿನ ಬೇರೆಯೇ ಬಂತು.

"ಹದಿನೆಂಟು ವರ್ಷದಿಂದ ಪಾಠ ಮಾಡ್ತಿದೀನಿ ಕಣ್ರೀ," ಎಂದರು ಶಶಿಧರ್, ಕನ್ನಡಕ ಒರೆಸುತ್ತಾ. "ಕಂಪ್ಯೂಟರ್ ಮುಂದೆ ಕೂರಿಸಿ, ಎಲ್ಲಾ ಹೇಳ್ತೀನಿ. ಇದು ನಮ್ಮಿಂದ ಆಗೋದಲ್ಲ."

ಭಾನುವಾರ ರಶ್ಮಿ ಹೊಸಮನೆ ಬಡಾವಣೆಯ ತನ್ನ ಮನೆಯಿಂದ ಸ್ಕೂಟರ್ ತೆಗೆದುಕೊಂಡು ಮಲವಗೊಪ್ಪಕ್ಕೆ ಹೋದಳು. ಅಲ್ಲಿ ಅವಳ ತಂದೆಯ ಹಳೆಯ ಸ್ನೇಹಿತ ಪರಮೇಶ್ವರಪ್ಪನವರ ಮನೆ. ಫೌಂಡ್ರಿಯೊಂದರಲ್ಲಿ ಮೂವತ್ತು ವರ್ಷಗಳ ಕಾಲ ಹಳೆ ಕಬ್ಬಿಣವನ್ನು ಕಿಡಿ ನೋಡಿಯೇ ವಿಂಗಡಿಸಿದವರು ಅವರು. ಆಟದ ವಿಷಯ ಕೇಳುತ್ತಿದ್ದಂತೆ ಕುರ್ಚಿಯ ಅಂಚಿಗೆ ಬಂದು ಕೂತರು. ಆಮೇಲೆ ಅಷ್ಟೇ ಬೇಗ ಹಿಂದಕ್ಕೆ ಒರಗಿದರು.

"ಕಣ್ಣಿನ ಆಪರೇಶನ್ ಆಗಿದೆ ಕಣಮ್ಮ. ಕಿಡಿ, ಬೆಂಕಿ ಹತ್ರ ಹೋಗ್ಬೇಡಿ ಅಂದಿದಾರೆ ಡಾಕ್ಟ್ರು. ನೀನು ಭದ್ರಾವತಿಗೆ ಹೋಗು. ಹಳೇನಗರದಲ್ಲಿ ತುಂಗಮ್ಮ ಅಂತ ಇದಾಳೆ, ಸಾಣೆ ಅಂಗಡಿ. ನನಗಿಂತ ಚೆನ್ನಾಗಿ ನೋಡ್ತಾಳೆ."

"ನಿಮಗಿಂತಾನಾ?"

"ಮಚ್ಚು ಮಾಡೋಕೆ ನಮ್ಮಿಂದ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ತಗೊಂಡು ಹೋಗ್ತಿದ್ಲು. ಎರಡು ಸಲ ವಾಪಸ್ ತಂದು, 'ಇದು ಸ್ಪ್ರಿಂಗ್ ಅಲ್ಲ ಸಾರ್' ಅಂದ್ಲು. ಸ್ಪ್ರಿಂಗ್ ಅಂತ ಚೀಟಿ ಅಂಟಿಸಿದ್ದು ನಾನೇ. ಪರೀಕ್ಷೆಗೆ ಕಳಿಸಿದ್ರೆ ಎರಡು ಸಲಾನೂ ಅವಳದ್ದೇ ಸರಿ." ಪರಮೇಶ್ವರಪ್ಪ ನಕ್ಕರು. "ಆಮೇಲೆ ನನಗೇ ಅನುಮಾನ ಬಂದಾಗ ಅವಳ ಅಂಗಡಿಗೆ ಹೋಗ್ತಿದ್ದೆ. ಯಾರಿಗೂ ಹೇಳ್ತಿರಲಿಲ್ಲ."

ತುಂಗಮ್ಮನಿಗೆ ಐವತ್ತೆಂಟು. ತಗಡಿನ ಮಾಡಿನ ಅಂಗಡಿ, ಮುಂದೆ ಕುಡುಗೋಲು, ಅಡಿಕೆ ಕತ್ತಿ, ಟೈಲರ್‌ಗಳ ಕತ್ತರಿಗಳ ರಾಶಿ. ರಶ್ಮಿ ಹೇಳಿದ್ದನ್ನೆಲ್ಲ ಅವರು ಚಕ್ರ ನಿಲ್ಲಿಸದೆಯೇ ಕೇಳಿದರು. ಕೈಲಿದ್ದ ಕತ್ತರಿ ಮುಗಿದ ಮೇಲೆ ತಲೆ ಎತ್ತಿದರು.

"ಎಪ್ಪತ್ತೆರಡು ಊರಲ್ಲೂ ನನ್ನಂಥ ಸಾಣೆಯೋರು ಇರ್ತಾರಾ ಮೇಡಂ?"

"ಇಲ್ಲಮ್ಮ. ಹೆಚ್ಚಿನೋರು ನನ್ನ ಥರ ಪಾಠ ಮಾಡೋರು."

"ಅಯ್ಯೋ ಪಾಪ," ಎಂದರು ತುಂಗಮ್ಮ, ನಿಜವಾದ ಕನಿಕರದಿಂದ. "ನೋಡ್ಕೊಡ್ತೀನಿ. ಆದ್ರೆ ನಿಮ್ಮ ಕಾಲೇಜಿಗೆ ಬರಲ್ಲ. ಕಲ್ಲು ಬದಲಾದ್ರೆ ಕಿಡೀನೂ ಬದಲಾಗುತ್ತೆ. ನೀವೇ ಇಲ್ಲಿಗೆ ಬನ್ನಿ."

ಶಶಿಧರ್‌ಗೆ ಇದನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಸೆಮಿನಾರ್ ಹಾಲ್ ಬುಕ್ ಆಗಿತ್ತು, ಶಾಲು ಹಾರ ಬಂದಿದ್ದವು. "ಇಂಟರ್‌ನ್ಯಾಷನಲ್ ಪ್ರೋಗ್ರಾಮ್ ಅಂತ ಕಾರ್ಡ್ ಹೊಡ್ಸಿದೀವಿ. ಅದನ್ನ ಸಾಣೆ ಅಂಗಡೀಲಿ ಮಾಡ್ತಾರಾ ಮಾರಾಯ್ತಿ?"

"ಆ ಮೊದಲನೇ ಲೇಖನ ಬರೆದೋನು ಎಲ್ಲಿ ಕೂತು ಕಲಿತಿದ್ದ ಸರ್?" ಎಂದಳು ರಶ್ಮಿ.

ಶಶಿಧರ್ ಬ್ಯಾನರ್ ಕಟ್ಟಲು ಹಗ್ಗ ಇದೆಯೇ ಎಂದು ಕೇಳಿದರು.

ಹಬ್ಬದ ದಿನ, ಶನಿವಾರ, ಮಧ್ಯಾಹ್ನ ಮೂರು ಗಂಟೆಗೆಲ್ಲ ಹಳೇನಗರದ ಆ ಓಣಿ ತುಂಬಿಹೋಯಿತು. ಪಕ್ಕದ ಸೈಕಲ್ ಅಂಗಡಿಯವರು ತಮ್ಮ ದೊಡ್ಡ ಟಿವಿ ಹೊರಗಿಟ್ಟರು. ಕಿಡಿ ಚೆನ್ನಾಗಿ ಕಾಣಲೆಂದು ಅಂಗಡಿಗೆ ಟಾರ್ಪಾಲು ಇಳಿಬಿಟ್ಟು ಕತ್ತಲು ಮಾಡಿದರು. ಕಾಲೇಜಿನ ಬಸ್ಸಿನಲ್ಲಿ ವಿದ್ಯಾರ್ಥಿಗಳು ಬಂದರು. ಕಪ್ಪು ಕನ್ನಡಕ ಹಾಕಿಕೊಂಡು ಪರಮೇಶ್ವರಪ್ಪ ಬಂದರು, ಅವರಿಗೆ ದೂರದಲ್ಲಿ ಕುರ್ಚಿ. ಎದುರು ಮನೆಯ ತಮಿಳು ಅಜ್ಜಿ ಎಲ್ಲರಿಗೂ ಬಿಸಿ ಬಿಸಿ ಬಜ್ಜಿ ಕರಿಯತೊಡಗಿದರು. ಟಿವಿಯಲ್ಲಿ ಬೇರೆ ಊರುಗಳ ಹಬ್ಬ ಆಗಲೇ ಶುರುವಾಗಿತ್ತು. ಜಪಾನಿನ ಅರ ಮಾಡುವವರು ಕೈ ಬೀಸಿದರು, ಬ್ರೆಜಿಲ್‌ನ ರೈಲ್ವೆ ವರ್ಕ್‌ಶಾಪಿನಲ್ಲಿ ಡೋಲು ಬಾರಿಸುತ್ತಿದ್ದರು, ಫಿನ್‌ಲ್ಯಾಂಡಿನ ಶಾಲೆಯೊಂದರಲ್ಲಿ ಮಕ್ಕಳು ನೂರು ಎಂದು ಬರೆದ ಟೋಪಿ ಹಾಕಿದ್ದರು.

ತುಂಗಮ್ಮ ಇಸ್ತ್ರಿ ಮಾಡಿದ ಹಸಿರು ಸೀರೆಯ ಮೇಲೆ ಎಂದಿನ ಚರ್ಮದ ಏಪ್ರನ್ ಕಟ್ಟಿಕೊಂಡು, ಕನ್ನಡಕ ಹಾಕಿ ಚಕ್ರದ ಮುಂದೆ ಕೂತರು.

ಮೊದಲ ತುಂಡು ಹಿಡಿದರು. ಉದ್ದುದ್ದ ನೇರ ಗೆರೆಗಳು ಹಾರಿದವು. "ಇದು ಮೆದು. ಗೇಟು ಕಿಟಕಿ ಮಾಡ್ತಾರಲ್ಲ, ಅದು." ಎರಡನೆಯದರಿಂದ ಮೋಟಾದ ಕೆಂಪು ಕಿಡಿ. "ಬೀಡು. ಇದನ್ನ ಕುರುಡರೂ ಹೇಳ್ತಾರೆ, ಸದ್ದಲ್ಲೇ ಗೊತ್ತಾಗುತ್ತೆ." ಮೂರನೆಯದು ಸ್ಟೇನ್‌ಲೆಸ್. ನಾಲ್ಕನೆಯದರ ಗೆರೆಗಳು ತುದಿಯಲ್ಲಿ ಕವಲೊಡೆದು ಸಿಡಿದವು. ತುಂಗಮ್ಮನ ಮುಖ ಅರಳಿತು. "ಸ್ಪ್ರಿಂಗು! ನನ್ನ ಅನ್ನ ಇದು." ಐದನೆಯದು ಮಂಕಾದ, ಅಲ್ಲೊಂದು ಇಲ್ಲೊಂದು ಕಿಡಿ ಬಿಟ್ಟಿತು. ಹೈಸ್ಪೀಡ್.

ಹೊರಗೆ ಚಪ್ಪಾಳೆ ಬಿತ್ತು. ಇನ್ನುಳಿದಿದ್ದು ಒಂದೇ ತುಂಡು, ಒಂದೇ ಹೆಸರು. ಶಶಿಧರ್ ಆಗಲೇ ಹಾಳೆಯಲ್ಲಿ ಆರನೆಯದರ ಮುಂದೆ 'ಬೇರಿಂಗ್' ಎಂದು ಬರೆದಾಗಿತ್ತು.

ತುಂಗಮ್ಮ ಆರನೆಯದನ್ನು ಹಿಡಿದರು. ತೆಗೆದರು. ಮತ್ತೆ ಹಿಡಿದರು. ನಾಲ್ಕನೆಯದನ್ನು ಇನ್ನೊಮ್ಮೆ ಹಿಡಿದು ನೋಡಿದರು.

"ಇದೂ ಸ್ಪ್ರಿಂಗೇ. ನಾಲ್ಕೂ ಆರೂ ಒಂದೇ."

"ಹಂಗಾಗೋಕೆ ಸಾಧ್ಯ ಇಲ್ಲಮ್ಮ," ಎಂದರು ಶಶಿಧರ್ ಮೆಲ್ಲಗೆ. "ಆರು ತುಂಡು, ಆರು ಹೆಸರು. ಬೇರಿಂಗ್ ಒಂದು ಇರಲೇಬೇಕಲ್ಲ."

"ಇರಬೇಕು ಸಾರ್, ಆದ್ರೆ ಇಲ್ಲ. ಬೇರಿಂಗಿನ ಕಿಡಿ ಚಕ್ರದ ಬುಡದಲ್ಲೇ ಒತ್ತೊತ್ತಾಗಿ ಸಿಡಿಯುತ್ತೆ, ಒತ್ತಾಗಿ ಕಟ್ಟಿದ ಮಲ್ಲಿಗೆ ದಂಡೆ ಥರ. ಇದು ಹಂಗಿಲ್ಲ."

ಉತ್ತರ ಕಳಿಸಲು ಐದು ಗಂಟೆಯವರೆಗೆ ಸಮಯ. ಆಗಲೇ ನಾಲ್ಕೂ ಐವತ್ತು. ಶಶಿಧರ್ ರಶ್ಮಿಯನ್ನು ಪಕ್ಕಕ್ಕೆ ಕರೆದರು. "ಬೇರಿಂಗ್ ಅಂತ ಕಳಿಸಿಬಿಡಿ. ಆರಕ್ಕಾರೂ ಸರಿ ಆಗುತ್ತೆ. ಆಯಮ್ಮನಿಗೂ ಹೆಸರು ಬರುತ್ತೆ. ಎಲ್ಲರೂ ಖುಷಿಯಾಗಿರ್ತಾರೆ."

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ರಶ್ಮಿ ಒಳಗೆ ನೋಡಿದಳು. ತುಂಗಮ್ಮ ಎರಡೂ ತುಂಡುಗಳನ್ನು ಏಪ್ರನ್ನಿಗೆ ಒರೆಸಿ ಜೋಡಿಯಾಗಿ ಇಡುತ್ತಿದ್ದರು.

"ಅಮ್ಮ, ಏನಂತ ಬರೀಲಿ?"

"ಕಂಡಿದ್ದನ್ನ ಹೇಳಿದೀನಿ. ಬರೆಯೋದು ನಿಮ್ಮ ಕೈಲಿದೆ."

ರಶ್ಮಿ ಶಶಿಧರ್ ಬರೆದಿದ್ದನ್ನು ಹೊಡೆದುಹಾಕಿ 'ಆರು: ಸ್ಪ್ರಿಂಗ್ ಉಕ್ಕು, ನಾಲ್ಕರಂತೆಯೇ' ಎಂದು ಬರೆದು ಕಳಿಸಿದಳು.

ಐದೂವರೆಗೆ ಗ್ಲಾಸ್ಗೋದಿಂದ ಸಂಪಾದಕಿ ಟಿವಿಯಲ್ಲಿ ಕಾಣಿಸಿಕೊಂಡರು. ಬಿಳಿ ಕೂದಲ, ನಗುಮುಖದ ಹೆಂಗಸು. ಒಂದೊಂದೇ ಊರಿನ ಹೆಸರು ಹೇಳಿ ಅಂಕ ಓದಿದರು. ಆರಕ್ಕೆ ಆರು ಪಡೆದ ಊರುಗಳು ಒಂಬತ್ತು. ಶಿವಮೊಗ್ಗಕ್ಕೆ ಐದು. "ನಲವತ್ತೊಂದನೆಯ ಊರಿನವರು ಬಹಳ ವಿಚಿತ್ರವಾದ ಉತ್ತರ ಕಳಿಸಿದ್ದಾರೆ," ಎಂದು ನಕ್ಕರು. "ಒಂದೇ ಹೆಸರನ್ನು ಎರಡು ಸಲ ಬರೆದಿದ್ದಾರೆ."

ರಶ್ಮಿ ಕನ್ನಡದಲ್ಲಿ ಹೇಳಿದಾಗ ಓಣಿ ತಣ್ಣಗಾಯಿತು. ತುಂಗಮ್ಮನ ಮುಖದಲ್ಲಿ ಮಾತ್ರ ಯಾವ ಬದಲಾವಣೆಯೂ ಇರಲಿಲ್ಲ.

"ಅವರ ಹತ್ರ ತುಂಡು ಮಿಕ್ಕಿರ್ತಾವಲ್ಲ? ಎಣಿಸೋಕೆ ಹೇಳಿ."

ರಶ್ಮಿ ಮೈಕ್ ಹಿಡಿದು ಕೇಳಿದಳು. ಕಿಡಿ ನೋಡಿದವರು ಯಾರು, ಎಷ್ಟು ವರ್ಷದಿಂದ ನೋಡುತ್ತಿದ್ದಾರೆ ಎಂಬುದನ್ನೂ ಹೇಳಿದಳು. ಸಂಪಾದಕಿ ಯಾರನ್ನೋ ಕರೆದು ಪಿಸುಗುಟ್ಟಿದರು. ಪರದೆಯ ಮೇಲೆ ಡೋಲಿನವರು ಬಂದರು. ಐದು ನಿಮಿಷ ಕಳೆಯಿತು. ಪರಮೇಶ್ವರಪ್ಪ ಕುರ್ಚಿಯಿಂದ ಎದ್ದು ನಿಂತಿದ್ದರು. ಬಜ್ಜಿ ಬಾಣಲೆಯಲ್ಲಿ ಕಪ್ಪಾಗುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ.

ಸಂಪಾದಕಿ ಮರಳಿ ಬಂದಾಗ ಕೈಯಲ್ಲಿ ಒಂದು ತಟ್ಟೆ ಇತ್ತು. ಮುಖ ಕೆಂಪಾಗಿತ್ತು.

"ಪ್ರತಿಯೊಂದು ಲೋಹದ ಎರಡೆರಡು ತುಂಡು ನಮ್ಮಲ್ಲಿ ಉಳಿಯಬೇಕಿತ್ತು," ಎಂದರು. "ಬೇರಿಂಗ್ ಉಕ್ಕು ಮೂರು ಉಳಿದಿದೆ. ಸ್ಪ್ರಿಂಗ್ ಒಂದೇ ಉಳಿದಿದೆ. ನಿಮ್ಮ ಪೆಟ್ಟಿಗೆಗೆ ಬೇರಿಂಗ್ ಬದಲು ಎರಡನೆಯ ಸ್ಪ್ರಿಂಗ್ ಹೋಗಿದೆ. ಅಂಕಿ ಕೊರೆದು ಪ್ಯಾಕ್ ಮಾಡಿದವರು ನಾವೇ, ತಪ್ಪೂ ನಮ್ಮದೇ. ಎಪ್ಪತ್ತೆರಡು ಊರುಗಳಲ್ಲಿ ನಮ್ಮನ್ನೇ ಪರೀಕ್ಷೆ ಮಾಡಿ ಪಾಸಾದವರು ಒಬ್ಬರೇ. ಅವರನ್ನು ನೋಡಬಹುದೇ?"

ರಶ್ಮಿಗೆ ಅದನ್ನು ಪೂರ್ತಿ ಕನ್ನಡಕ್ಕೆ ತರಲು ಆಗಲಿಲ್ಲ. "ಮೂರು ಬೇರಿಂಗು! ಒಂದು ಸ್ಪ್ರಿಂಗು!" ಎಂದು ಕೂಗಿದಳು, ಅಷ್ಟೇ. ಓಣಿಗೆ ಅಷ್ಟು ಸಾಕಾಯಿತು. ಸೈಕಲ್ ಅಂಗಡಿಯವರು ಶಿಳ್ಳೆ ಹೊಡೆದರು. ವಿದ್ಯಾರ್ಥಿಗಳು ಕುಣಿದರು. ಪರಮೇಶ್ವರಪ್ಪ ಕಪ್ಪು ಕನ್ನಡಕದ ಕೆಳಗೆ ಬೆರಳು ಹಾಕಿ ಕಣ್ಣೊರೆಸಿಕೊಂಡು, "ನಾನು ಹೇಳಿರಲಿಲ್ವಾ? ನಾನು ಹೇಳಿರಲಿಲ್ವಾ?" ಎಂದು ಸಿಕ್ಕವರನ್ನೆಲ್ಲ ಹಿಡಿದು ಕೇಳುತ್ತಿದ್ದರು.

ಶಶಿಧರ್ ಮುಖ್ಯ ಅತಿಥಿಗೆಂದು ತಂದಿದ್ದ ಶಾಲನ್ನು ತಂದು ತುಂಗಮ್ಮನಿಗೆ ಹೊದಿಸಿದರು. "ತಪ್ಪಾಯ್ತಮ್ಮ. ನಾನು ಲೆಕ್ಕ ನೋಡಿದೆ, ಕಿಡಿ ನೋಡಲಿಲ್ಲ."

"ಬಿಡಿ ಸಾರ್. ನಾಳೆಯಿಂದ ಬನ್ನಿ, ಕಲಿಸ್ತೀನಿ. ಏಪ್ರನ್ ನೀವೇ ತನ್ನಿ."

ಕ್ಯಾಮೆರಾ ಮುಂದೆ ನಿಲ್ಲಿಸಿದಾಗ ತುಂಗಮ್ಮ ಕೈ ಮುಗಿದರು. ಜಪಾನಿನ ಅರ ಮಾಡುವವರು ಸಾಲಾಗಿ ನಿಂತು ಅವರಿಗೆ ತಲೆ ಬಾಗಿಸಿದರು. ಆಗ ತುಂಗಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕರು. ನಗು ನಿಲ್ಲಲೇ ಇಲ್ಲ.

ನೂರನೆಯ ವರ್ಷದ ವಿಶೇಷ ಸಂಚಿಕೆಗೆ ಎರಡು ಪುಟದ ಟಿಪ್ಪಣಿ ಬರೆದುಕೊಡಿ ಎಂದು ಮಾರನೆಯ ವಾರ ಸಂಪಾದಕಿಯಿಂದ ಪತ್ರ ಬಂತು. ರಶ್ಮಿ ಸಂಜೆ ಸಂಜೆ ಭದ್ರಾವತಿಗೆ ಹೋಗಿ ತುಂಗಮ್ಮ ಹೇಳಿದಂತೆ ಬರೆದುಕೊಂಡಳು. ಲೇಖಕರ ಹೆಸರಿನ ಜಾಗದಲ್ಲಿ ಮೊದಲು ತುಂಗಮ್ಮ, ಆಮೇಲೆ ರಶ್ಮಿ. ಕೆಲಸ ಮಾಡುವ ಸಂಸ್ಥೆ ಯಾವುದು ಎಂಬಲ್ಲಿ 'ಸಾಣೆ ಅಂಗಡಿ, ಹಳೇನಗರ, ಭದ್ರಾವತಿ' ಎಂದು ಹಾಕಿದಳು. ಗ್ಲಾಸ್ಗೋದವರು ಒಂದಕ್ಷರವನ್ನೂ ಬದಲಿಸಲಿಲ್ಲ.

ಸಂಚಿಕೆ ಬಂದ ದಿನ ರಶ್ಮಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಪೂರ್ತಿ ಟಿಪ್ಪಣಿಯನ್ನು ಕನ್ನಡದಲ್ಲಿ ಓದಿ ಹೇಳಿದಳು. ತುಂಗಮ್ಮ ಚಕ್ರ ನಿಲ್ಲಿಸಿ, ಕಣ್ಣು ಮುಚ್ಚಿ ಕೇಳಿದರು.

"ಇನ್ನೊಂದ್ಸಲ ಓದು ಮಗಳೇ, ಆ ಸ್ಟೇನ್‌ಲೆಸ್‌ದು."

ರಶ್ಮಿ ಓದಿದಳು. "ಕಿಡಿ ಹಳದಿ ಬಣ್ಣದ್ದಾಗಿದ್ದು..."

"ಹಳದಿ ಅಲ್ಲ, ಕೇಸರಿ. ನಾನು ಕೇಸರಿ ಅಂದಿದ್ದೆ."

ರಶ್ಮಿ ತನ್ನ ನೋಟ್‌ಬುಕ್ ತೆರೆದು ನೋಡಿದಳು. ಕೇಸರಿ ಎಂದೇ ಇತ್ತು. ಇಂಗ್ಲಿಷಿಗೆ ತರುವಾಗ ಅವಳ ಕೈಯೇ ತಪ್ಪಿತ್ತು.

"ಪ್ರಿಂಟ್ ಆಗಿಬಿಟ್ಟಿದೆಯಲ್ಲಮ್ಮ!"

"ಆದ್ರೇನು? ಅವರು ಅವರ ತಪ್ಪು ಒಪ್ಕೊಂಡ್ರು, ನಾವು ನಮ್ದು ಒಪ್ಕೊಳ್ಳೋಣ," ಎಂದರು ತುಂಗಮ್ಮ. "ಫೋನ್ ತೆಗಿ, ಈಗಲೇ ಬರಿ. ಮೊದಲು ಎಲ್ಲರೂ ಚೆನ್ನಾಗಿದೀರಾ ಅಂತ ಕೇಳು. ಆಮೇಲೆ ಕೇಸರಿ ಅಂತ ಹಾಕು."